ದನಿ ಇರುವಾಗಲೇ

ಬೀರುವಿನಲ್ಲಿ ನೇತುಹಾಕಿದ್ದ ಅಮ್ಮನ ಬಟ್ಟೆಗಳನ್ನು ಪಕ್ಕಕ್ಕೆ ತಳ್ಳಿ ಮಗಳು ಮೈಕನ್ನು ಈಚೆಗೆಳೆಯುತ್ತಿದ್ದಾಗ ಚಿಕ್ಕಮ್ಮ ಬಾಗಿಲಿಗೆ ಬಂದು ನಿಂತರು.

"ಏನೇ ಇದು? ಅಕ್ಕನ್ನ ಮಣ್ಣು ಮಾಡಿ ಬಂದು ಇನ್ನೂ ಯಾರೂ ಕಾಲು ಚಾಚಿ ಕೂತಿಲ್ಲ."

"ಸಂದರ್ಶನ ಇದೆ ಚಿಕ್ಕಮ್ಮ."

"ತಲೆ ನೆಟ್ಟಗಿದೆಯಾ ನಿಂಗೆ? ನಾಳೆ ಮಾಡಿದ್ರೆ ಗಂಟೇನು ಹೋಗುತ್ತೆ?"

"ಅವರ ದನಿ ಹೋಗುತ್ತೆ."

ನಡುಮನೆಯ ಕುರ್ಚಿಯ ತುದಿಯಲ್ಲಿ, ಕತ್ತಿಗೆ ಮಫ್ಲರ್ ಸುತ್ತಿಕೊಂಡು ತರಕಾರಿ ಮಂಡಿಯ ಹರಾಜಿನವನು ಕೂತಿದ್ದ. ಮೂವತ್ತು ವರ್ಷ ಕೂಗಿದ ಗಂಟಲು. ನಾಳೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅದರ ಧ್ವನಿಪೆಟ್ಟಿಗೆಯನ್ನೇ ತೆಗೆಯುವವರಿದ್ದರು. ಅಮ್ಮ ತನ್ನ ಪಾಡ್‌ಕಾಸ್ಟಿಗೆಂದು ಅವನಿಗೆ ಇವತ್ತಿನ ಸಂಜೆಯನ್ನೇ ಗೊತ್ತು ಮಾಡಿದ್ದಳು. ಅವನು ಮುಖ ತೋರಿಸಿ ಹೊರಡಲೆಂದೇ ಬಂದಿದ್ದ. ಮಗಳೇ ತೋಳು ಹಿಡಿದು ಕೂರಿಸಿದ್ದಳು.

"ನೀನು ಯಾವತ್ತಾದ್ರೂ ಒಬ್ಬರನ್ನ ಒಂದು ಪ್ರಶ್ನೆ ಕೇಳಿದ್ದೀಯಾ?" ಎಂದರು ಚಿಕ್ಕಮ್ಮ.

"ಇಲ್ಲ," ಎಂದು ಮಗಳು ಮೈಕಿನ ತಂತಿ ಸಿಕ್ಕಿಸಿದಳು.

*

ವಿಮಾ ಕಚೇರಿಯ ಕಿಟಕಿಯ ಹಿಂದೆ ಜೀವಮಾನವಿಡೀ "ಮುಂದಿನವರು ಬನ್ನಿ" ಎಂದಿದ್ದ ಅಮ್ಮನಿಗೆ, ಬಂದವರು ಏನು ಕೆಲಸ ಮಾಡುತ್ತಾರೆ, ಅದನ್ನೇ ಯಾಕೆ ಮಾಡುತ್ತಾರೆ ಎಂದು ಕೇಳಲು ಪುರುಸೊತ್ತಾದದ್ದು ನಿವೃತ್ತಿಯ ನಂತರವೇ. ಬೀರುವಿನ ಬಾಗಿಲು ತೆರೆದು ಅದರೆದುರು ಅತಿಥಿಯನ್ನು ಕೂರಿಸುತ್ತಿದ್ದಳು. ಬಟ್ಟೆಗಳು ಪ್ರತಿಧ್ವನಿಯನ್ನು ನುಂಗುತ್ತಿದ್ದವು. ರೆಕಾರ್ಡಾದದ್ದನ್ನು ಕತ್ತರಿಸಿ ಜೋಡಿಸುವುದು ಮಗಳ ಪಾಲು.

"ಇಲ್ಲಿದ್ದದ್ದು ಎಲ್ಲಿ ಹೋಯ್ತು?" ಒಮ್ಮೆ ಅಮ್ಮ ಹೆಡ್‌ಫೋನ್ ಕಿತ್ತಿಟ್ಟು ಕೇಳಿದ್ದಳು.

"ಅಲ್ಲಿ ಏನೂ ಇರಲಿಲ್ಲಮ್ಮ. ಅವರು ಸುಮ್ನೆ ಕೂತಿದ್ರು."

"ಸುಮ್ನೆ ಅಲ್ಲ ಕಣೇ, ಯೋಚಿಸ್ತಿದ್ರು. ವಾಪಸ್ ಹಾಕು."

"ಕೇಳೋರು ಎದ್ದು ಹೋಗ್ತಾರೆ."

"ಇರೋದೇ ಬೆರಳೆಣಿಕೆ ಜನ. ಹೋದ್ರೆ ಹೋಗ್ಲಿ ಬಿಡು!"

*

ಹರಾಜಿನವನನ್ನು ಒಳಗೆ ಕರೆದು ಬೀರುವಿನೆದುರು ಕೂರಿಸಿ ಮಗಳು ಅಮ್ಮನ ಜಾಗದಲ್ಲಿ ಕೂತಳು. ಅಮ್ಮ ಎಲ್ಲರಿಗೂ ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದಳು: "ನಿಮ್ಮ ಕೆಲಸದಲ್ಲಿ ನಿಮಗೇ ಇನ್ನೂ ಅರ್ಥವಾಗದೆ ಇರೋದು ಏನು?"

ಹರಾಜಿನವನು ನೆಲ ನೋಡಿದ. ನಡುಮನೆಯಲ್ಲಿ ಯಾರೋ ಮೂಗು ಸೀಟಿದರು. 'ಬೇಕಾದ್ರೆ ಬೇರೆ ಕೇಳ್ತೀನಿ' ಎಂಬ ಮಾತು ಮಗಳ ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ಅದನ್ನು ನುಂಗಿದಳು.

"ಕೈ," ಎಂದ ಅವನು ಕೊನೆಗೆ, ಮರ ಗರಗಸಕ್ಕೆ ಸಿಕ್ಕಂಥ ದನಿಯಲ್ಲಿ. "ಬೇಡ ಅಂತಾನೇ ನಿಂತಿರ್ತಾನಮ್ಮ ಒಬ್ಬ. ಕೂಗ್ತಾ ಕೂಗ್ತಾ ಒಂದು ಜಾಗ ಬರುತ್ತೆ, ಅಲ್ಲಿ ಅವನ ಕೈಯೂ ಏಳುತ್ತೆ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ."

"ಕೂಗಿ ತೋರಿಸ್ತೀರಾ?"

"ಇಲ್ಲೇನಾ? ಸಾವಿನ ಮನೇಲಿ?"

"ಇಲ್ಲೇ."

"ಡಾಕ್ಟರು ಪಿಸುಮಾತೂ ಆಡಬೇಡ ಅಂದಿದ್ದಾರೆ." ಮಫ್ಲರ್ ಬಿಚ್ಚುತ್ತ ಎದ್ದ. "ನಾಳೆ ಕಿತ್ತು ಬಿಸಾಕೋದಕ್ಕೆ ಇವತ್ತೇನು ಜೋಪಾನ!"

ಮೊದಲ ಕೂಗು ಒಡೆಯಿತು. ಎರಡನೆಯದು ಒಡೆಯದೆ ನಿಂತಿತು. "ಬದನೇ! ಮಂಜು ಆರದ ಬದನೇ! ಯಾರಮ್ಮಾ, ಯಾರಪ್ಪಾ, ಇನ್ನೊಂದ್ಸಲ ಸಿಗಲ್ಲ, ನೋಡಿ, ನೋಡಿ..." ಕಿಟಕಿಯ ಗಾಜು ಅದುರಿತು. ನಡುಮನೆಯ ಗುಸುಗುಸು ನಿಂತೇಹೋಯಿತು. ಅವನ ಕತ್ತಿನ ನರಗಳು ಹಗ್ಗದಂತೆ ಉಬ್ಬಿದ್ದವು. ಕೂಗು ಏರಿತು, ಸುತ್ತಿತು, ಒಂದು ಕಡೆ ಉಸಿರು ಹಿಡಿದು ತೂಗಿ ನಿಂತಿತು.

ಮಗಳು ತೆರೆದ ಬಾಗಿಲಾಚೆ ನೋಡಿದಳು. ಎಡಗೈಯಲ್ಲಿ ಚಹಾದ ಲೋಟ ಹಿಡಿದ ಚಿಕ್ಕಮ್ಮನ ಬಲಗೈ ಮೇಲಕ್ಕೆದ್ದಿತ್ತು.