ದೇವರ ಬೆನ್ನ ಹಿಂದಿನ ಹೆಂಗಸು

ರಿಬಾತು ಗಂಡು ಹೆತ್ತ ಮೇಲೆ ಸಿಪ್ಪಾರ್ ಪಟ್ಟಣದ ಬೀದಿಯ ಹೆಂಗಸರು ಅವಳ ಅಕ್ಕ ನರಾಮ್ತಾನಿಯನ್ನು ಮಾತಾಡಿಸುವ ರೀತಿ ಬದಲಾಯಿತು. ಮೊದಲು "ಹೇಗಿದ್ದೀರಿ?" ಎನ್ನುತ್ತಿದ್ದವರು ಈಗ "ಮಗು ಹೇಗಿದೆ?" ಎನ್ನತೊಡಗಿದರು.

ಅಕ್ಕತಂಗಿಯರಿಬ್ಬರೂ ಪುಜುರುವಿನ ಹೆಂಡತಿಯರು. ನರಾಮ್ತಾನಿಯನ್ನು ಚಿಕ್ಕಂದಿನಲ್ಲೇ ಮರ್ದುಕ ದೇವರಿಗೆ ಒಪ್ಪಿಸಿದ್ದರು. ಹಾಗೆ ಒಪ್ಪಿಸಿದ ಹೆಣ್ಣು ಮದುವೆಯಾಗಬಹುದು, ಹೆರುವಂತಿಲ್ಲ. ಮನೆಗೆ ಮಕ್ಕಳು ಬೇಕೆಂದರೆ ಇನ್ನೊಬ್ಬಳನ್ನು ಅವಳೇ ತಂದು ಗಂಡನಿಗೆ ಕೊಡಬೇಕು. ಅವಳು ಸ್ವಂತ ತಂಗಿಯನ್ನೇ ತಂದಳು. ಮದುವೆಯ ಕರಾರನ್ನು ಮಣ್ಣಿನ ಹಲಗೆಯ ಮೇಲೆ ಬರೆಸುವಾಗ ಎರಡು ಮಾತು ಸೇರಿಸಿದ್ದರು: ತಂಗಿ ಅಕ್ಕನ ಕಾಲು ತೊಳೆಯಬೇಕು, ಅಕ್ಕ ಗುಡಿಗೆ ಹೊರಟಾಗ ಅವಳ ಪೀಠ ಹೊತ್ತು ಹಿಂದೆ ನಡೆಯಬೇಕು.

ರಿಬಾತು ಎರಡನ್ನೂ ತಪ್ಪಿಸಲಿಲ್ಲ. ಬಾಣಂತನ ಮುಗಿದ ಮೊದಲ ಹಬ್ಬಕ್ಕೇ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಕಾಲಿನ ತುದಿಗೆ ಗೊರಸು ಕೆತ್ತಿದ್ದ ಆ ಪೀಠ ಹಿಡಿದು ಹೊರಟಳು. ಬೀದಿಯವರ ಕಣ್ಣೆಲ್ಲ ಹಿಂದೆ ಬರುತ್ತಿದ್ದವಳ ಮೇಲೆ.

ಹೆಂಡ ಮಾರುವ ಹೆಂಗಸು ಬಾಗಿಲಿಗೆ ಬಂದಳು. "ಅಯ್ಯೋ, ಎರಡೂ ಕೈಗೂ ಕೆಲಸ! ನೀವಾದರೂ ಒಂದು ಹಿಡ್ಕೋಬಾರದಾ ನರಾಮ್ತಾನಮ್ಮ?"

"ಪೀಠ ಹೊರೋದು ಅವಳ ಪಾಲಿನ ಕೆಲಸ."

"ಹಾಗಾದರೆ ಮಗು ಹಿಡ್ಕೊಳ್ಳಿ."

ಇಲ್ಲವೆನ್ನಲಾಗದೆ ನರಾಮ್ತಾನಿ ಮಗುವನ್ನು ಎತ್ತಿಕೊಂಡಳು. ಮಗು ಮೈ ಬಿಲ್ಲಾಗಿಸಿ ಕಿರುಚಿತು. ತಾಯಿಯ ಕೈಗೆ ಹೋದದ್ದೇ ತಡ, ಸುಮ್ಮನಾಯಿತು.

"ಮಕ್ಕಳಿಗೆ ವಾಸನೆ ಗೊತ್ತಾಗುತ್ತೆ," ಎಂದಳು ಹೆಂಡದವಳು, ಸಮಾಧಾನ ಹೇಳುವವಳಂತೆ.

ಅಂದು ಗುಡಿಯಲ್ಲಿ ನರಾಮ್ತಾನಿಗೆ ಪ್ರಾರ್ಥನೆಯ ಒಂದು ಸಾಲೂ ನೆನಪಿಗೆ ಬರಲಿಲ್ಲ.

ಆಮೇಲೆ ಅವಳೇ ಗಂಡನ ಮುಂದೆ ಮಾತು ತೆಗೆದಳು. ಕಾಲುವೆ ದಂಡೆಯಲ್ಲಿ ತವರಿನವರು ಕೊಟ್ಟ ಹೊಲವಿತ್ತು. ಅದನ್ನು ತನ್ನ ನಂತರ ಈ ಹುಡುಗನಿಗೆ ಬರೆಯುತ್ತೇನೆ ಎಂದಳು. ಆದರೆ ಹಲಗೆಯಲ್ಲಿ ಅವನು ನರಾಮ್ತಾನಿಯ ಮಗ ಎಂದಿರಬೇಕು. ಪುಜುರು ಒಪ್ಪಿದ. ರಿಬಾತುವನ್ನು ಕೇಳಿದಾಗ ಅವಳು ಹಾಲು ಕುಡಿಸುತ್ತಿದ್ದಳು. "ನಿನ್ನ ಮಗ ಅಲ್ಲದೆ ಇನ್ನಾರ ಮಗ ಅಕ್ಕ?" ಎಂದಳು. ಅಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದು ನರಾಮ್ತಾನಿಗೆ ಹಿಡಿಸಲಿಲ್ಲ. ಉಳ್ಳವರು ಮಾತ್ರ ಹಾಗೆ ಕೊಡುತ್ತಾರೆ.

ಅಂಥ ಹಲಗೆಯ ಹಸಿಮಣ್ಣಿನ ಮೇಲೆ ಉರುಳಿಸಿ ಸಹಿಯಂತೆ ಚಿತ್ರ ಮೂಡಿಸಲು ಅವಳ ಬಳಿ ಮುದ್ರೆ ಇರಲಿಲ್ಲ. ಕಲ್ಲು ಕೊರೆಯುವ ಮಾಶುವಿನ ಅಂಗಡಿಗೆ ಹೋದಳು. ಅವನು ಕರಿಕಲ್ಲಿನ ಒಂದು ಉರುಳೆಯನ್ನು ಆರಿಸಿ ಅವಳ ಅಂಗೈಗೆ ಹಾಕಿದ. ಬೆರಳಿನ ಒಂದು ಗೆಣ್ಣಿನಷ್ಟಿತ್ತು.

"ಇದರ ಸುತ್ತ ಚಿತ್ರ ಕೊರೀತೀನಿ. ಸೂರ್ಯದೇವರು ಶಮಾಶ ಸಿಂಹಾಸನದ ಮೇಲೆ, ಹೆಗಲಿಂದ ಕಿರಣ," ಎಂದ ಮಾಶು. "ಎದುರಿಗೆ ನಮ್ಮನ್ನು ಕಾಯೋ ದೇವಿ ಲಾಮಾ ತಾಯಿ, ಕೊಂಬಿನ ಕಿರೀಟ. ಅವಳು ನಿಮ್ಮ ಕೈ ಹಿಡಿದು ದೇವರ ಹತ್ತಿರ ಕರಕೊಂಡು ಹೋಗ್ತಾ ಇದ್ದಾಳೆ. ಮಿಕ್ಕ ಜಾಗದಲ್ಲಿ ನಿಮ್ಮ ಹೆಸರು, ನಿಮ್ಮ ಅಪ್ಪನ ಹೆಸರು, ಮರ್ದುಕನ ದಾಸಿ ಅಂತ. ಎಲ್ಲರಿಗೂ ಹೀಗೇ ಮಾಡಿಕೊಡೋದು."

"ನನ್ನ ಹಿಂದೆ ಇನ್ನೊಬ್ಬಳು ಬೇಕು. ಪೀಠ ಹೊತ್ತವಳು."

"ಯಾರು, ಆಳಾ?"

"ಪೀಠ ಹೊತ್ತವಳು ಅಂದೆನಲ್ಲ. ಪೀಠದ ಕಾಲಿಗೆ ಗೊರಸು ಇರಬೇಕು, ಸ್ಪಷ್ಟವಾಗಿ."

ಮಾಶು ಉರುಳೆಯ ಸುತ್ತ ದಾರ ಸುತ್ತಿ ಅಳೆದ. "ಹಿಡಿಯೋದಿಲ್ಲಮ್ಮ. ಅವಳು ಬಂದರೆ ಹೆಸರು ಹೋಗಬೇಕು. ಹೆಸರು ಬೇಕಾ, ಅವಳು ಬೇಕಾ?"

ನರಾಮ್ತಾನಿ ಉರುಳೆಯನ್ನು ಬೆರಳಲ್ಲಿ ತಿರುಗಿಸಿದಳು. ಓದು ಬರುವವರು ಬೀದಿಯಲ್ಲಿ ಎಷ್ಟು ಜನ? ಚಿತ್ರವನ್ನಾದರೆ ಎಲ್ಲರೂ ಓದುತ್ತಾರೆ. ತಾನು ಸತ್ತ ಮೇಲೂ ಆ ಕಲ್ಲಿನಲ್ಲಿ ರಿಬಾತು ಪೀಠ ಇಳಿಸುವಂತಿಲ್ಲ.

"ಅವಳೇ ಇರಲಿ."

"ಬದುಕಿಕೊಂಡೆ," ಎಂದ ಮಾಶು. "ಅಕ್ಷರವನ್ನೆಲ್ಲ ತಿರುಗುಮುರುಗು ಕೊರೆದು ಕೊರೆದು ನನ್ನ ಕಣ್ಣೇ ಹೋಗ್ತಿದೆ."

ಹಲಗೆ ಬರೆಸುವ ದಿನ ಶಮಾಶನ ಗುಡಿಯ ಹೆಬ್ಬಾಗಿಲಲ್ಲಿ ಎಲ್ಲರೂ ಸೇರಿದರು. ಲಿಪಿಕಾರ ಹಸಿಮಣ್ಣಿನ ಹಲಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಬರೆದದ್ದನ್ನು ಓದಿ ಹೇಳಿದ. ಹುಡುಗ ನರಾಮ್ತಾನಿಯ ಮಗ, ಹೊಲ ಅವನದು. ಸಾಕ್ಷಿಗಳಲ್ಲಿ ಹಿರಿಯನಾದ ಕುಬ್ಬುರು, ಬೀದಿ ಕೊನೆಯ ಡೊಳ್ಳುಹೊಟ್ಟೆಯ ಮುದುಕ, ತಲೆಯಾಡಿಸಿದ. ಪುಜುರು ತನ್ನ ಮುದ್ರೆ ಉರುಳಿಸಿದ. ರಿಬಾತು ಮುದ್ರೆಯಿಲ್ಲದವರೆಲ್ಲ ಮಾಡುವಂತೆ ಸೆರಗಿನ ಅಂಚನ್ನು ಮಣ್ಣಿಗೆ ಒತ್ತಿದಳು.

ನರಾಮ್ತಾನಿ ಮುಂದೆ ಬಂದಳು. ದಾರದಿಂದ ಮುದ್ರೆ ಬಿಚ್ಚುವಾಗ ಎಲ್ಲರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಸುತ್ತ ನೋಡಿದಳು. ಮಣ್ಣಿನ ಮೇಲಿಟ್ಟು ಒಂದು ಸುತ್ತು ಉರುಳಿಸಿದಳು.

ಲಿಪಿಕಾರ ಬಾಗಿ ನೋಡಿದ. "ಹೆಸರು ಎಲ್ಲಿ?"

"ಹಾಕಿಸಿಲ್ಲ."

"ಹೋಗಲಿ, ಪಕ್ಕದಲ್ಲಿ ನಾನೇ ಬರೀತೀನಿ."

ಕುಬ್ಬುರು ಹೊಟ್ಟೆ ಹಿಡಿದುಕೊಂಡು ಬಗ್ಗಿದ. "ಅದರಲ್ಲಿ ಕೇಳೋದೇನಿದೆ? ರಿಬಾತು ಮುದ್ರೆ ಅಂತ ಬರಿ."

"ಇದು ನನ್ನದು!" ಎಂದಳು ನರಾಮ್ತಾನಿ.

"ನಿಮ್ಮದಾ? ಪೀಠ ಹಿಡಿದಿರೋಳು ಇವಳು ತಾನೇ? ಗೊರಸು ಸಮೇತ ಇದೆಯಲ್ಲ."

"ಲಾಮಾ ತಾಯಿ ಕೈ ಹಿಡಿದಿದ್ದಾಳಲ್ಲ, ಅದು ನಾನು."

"ಅದು ಯಾರು ಬೇಕಾದರೂ ಆಗಬಹುದು ತಾಯಿ. ನನ್ನ ಹೆಂಡತಿ ಮುದ್ರೇಲೂ ಅವಳೇ ನಿಂತಿದ್ದಾಳೆ, ಅತ್ತೆ ಮುದ್ರೇಲೂ ಅವಳೇ. ನನ್ನ ಅತ್ತೆ ಅಷ್ಟು ತೆಳ್ಳಗಿರಲಿಲ್ಲ."

ಸಾಕ್ಷಿಗಳು ನಕ್ಕರು. ಪುಜುರುವೂ ನಗು ತಡೆದುಕೊಳ್ಳಲು ಕೆಮ್ಮಿದ.

"ಅವಳು ನನ್ನ ಹಿಂದೆ ಬರ್ತಿದ್ದಾಳೆ," ಎಂದಳು ನರಾಮ್ತಾನಿ. "ಪೀಠ ಹೊತ್ತುಕೊಂಡು. ನನ್ನ ಹಿಂದೆ."

ಕುಬ್ಬುರು ಮತ್ತೆ ಬಗ್ಗಿದ. ನರಾಮ್ತಾನಿಯೂ ಆಗಲೇ ಸರಿಯಾಗಿ ನೋಡಿದ್ದು. ಉರುಳೆಗೆ ತುದಿಮೊದಲಿಲ್ಲ; ಎಲ್ಲಿಂದ ಉರುಳಿಸಿದರೆ ಅಲ್ಲಿಂದ ಚಿತ್ರ ಶುರು. ಅವಳ ಕೈ ಅವಳ ಚಿತ್ರದಿಂದಲೇ ಶುರುಮಾಡಿತ್ತು. ಮೊದಲು ಅವಳು, ಆಮೇಲೆ ಲಾಮಾ, ಆಮೇಲೆ ಶಮಾಶ, ಅವನಾಚೆಗೆ ರಿಬಾತು. ಬೇರೆಯವರ ಮುದ್ರೆಯಲ್ಲಿ ದೇವರ ಬೆನ್ನಿಗೂ ಕೊನೆಯವಳಿಗೂ ನಡುವೆ ಹೆಸರಿನ ಸಾಲುಗಳು ಗೋಡೆಯಂತೆ ನಿಂತಿರುತ್ತವೆ. ಇಲ್ಲಿ ಗೋಡೆ ಇರಲಿಲ್ಲ. ರಿಬಾತುವಿನ ಬೆನ್ನು ಸಿಂಹಾಸನಕ್ಕೆ ತಾಗಿಕೊಂಡಿತ್ತು.

"ನಿಮ್ಮ ಹಿಂದೆ ಎಲ್ಲಮ್ಮ? ದೇವರ ಹಿಂದೆ ಇದ್ದಾಳೆ," ಎಂದ ಕುಬ್ಬುರು. "ನೀವು ಎದುರಲ್ಲಿ ಅಪ್ಪಣೆಗೆ ಕಾಯ್ತಿದ್ದೀರಿ. ಸಿಂಹಾಸನದ ಹಿಂದೆ ನಿಲ್ಲೋರು ಯಾರು? ದೇವರ ಮನೆಯೋರು."

ಅಷ್ಟರಲ್ಲಿ ರಿಬಾತು ಮಗುವನ್ನು ಸೊಂಟಕ್ಕೇರಿಸಿಕೊಂಡು ಹತ್ತಿರ ಬಂದಿದ್ದಳು. ಮಣ್ಣನ್ನು ನೋಡಿದಳು, ಅಕ್ಕನನ್ನು ನೋಡಿದಳು. ಕಣ್ಣು ತುಂಬಿಬಂತು.

"ಅಕ್ಕ, ನನ್ನನ್ನೂ ಕೆತ್ತಿಸಿದ್ದೀಯಾ! ನಿನ್ನ ಹೆಸರಿನ ಜಾಗ ಬಿಟ್ಟುಕೊಟ್ಟು!" ಮಗುವಿನ ಗಲ್ಲ ಹಿಡಿದು ತಿರುಗಿಸಿದಳು. "ನೋಡೋ ಇಲ್ಲಿ, ನಿಮ್ಮ ದೊಡ್ಡಮ್ಮ ಅಮ್ಮನ್ನ ದೇವರ ಹತ್ತಿರ ನಿಲ್ಲಿಸಿದ್ದಾಳೆ."

ಮಣ್ಣು ಇನ್ನೂ ಹಸಿಯಾಗಿತ್ತು. ಹುಡುಗ ನರಾಮ್ತಾನಿಯ ಮಗ ಎಂದು ಅದರ ಮೇಲೆ ಬರೆದು ಬಹಳ ಹೊತ್ತಾಗಿರಲಿಲ್ಲ.

ಲಿಪಿಕಾರನಿಗೆ ಬೇರೆ ಕೆಲಸವಿತ್ತು. "ಇದೇನು ದೊಡ್ಡ ವಿಷಯವಲ್ಲ. ಅಳಿಸಿಬಿಡ್ತೀನಿ, ಇನ್ನೊಮ್ಮೆ ಉರುಳಿಸಿ. ದೇವರು ಬಂದ ತಕ್ಷಣ ನಿಲ್ಲಿಸಿ. ಪೀಠ ಹೊತ್ತ ಇವರು ಮಣ್ಣಿನ ಮೇಲೆ ಬೀಳೋದೇ ಇಲ್ಲ. ನಿಮ್ಮ ಹೆಸರು ನಾನು ಬರೀತೀನಿ."

"ಇವಳು ಬೀಳದಿದ್ದರೆ ಅದು ಎಲ್ಲರ ಮುದ್ರೆಯಂತೆಯೇ ಆಯಿತಲ್ಲ?"

"ಹೌದು. ಎಲ್ಲರ ಮುದ್ರೆಯೂ ಹಾಗೇ ಇರೋದು."

"ಅಕ್ಕ, ಅಳಿಸೋದು ಯಾಕೆ, ಚೆನ್ನಾಗಿದೆ," ಎಂದಳು ರಿಬಾತು.

"ಅಳಿಸು," ಎಂದಳು ನರಾಮ್ತಾನಿ.

ಲಿಪಿಕಾರ ಹೆಬ್ಬೆರಳನ್ನು ನೀರಿಗೆ ಅದ್ದಿ ದೇವರನ್ನೂ ದೇವಿಯನ್ನೂ ಹೆಂಗಸರನ್ನೂ ಒರೆಸಿದ. ಅವಳು ಮುದ್ರೆ ಉರುಳಿಸಲಿಲ್ಲ. ಬಗ್ಗಿ ಸೆರಗು ಎಳೆದು ಅದರ ಅಂಚನ್ನು ಮಣ್ಣಿಗೆ ಒತ್ತಿದಳು. ಪಕ್ಕದಲ್ಲೇ ರಿಬಾತುವಿನ ಸೆರಗಿನ ಗುರುತಿತ್ತು. ಇಬ್ಬರೂ ಒಂದೇ ಮಗ್ಗದ ಬಟ್ಟೆ ಉಡುತ್ತಿದ್ದರು.

"ಮುದ್ರೆ ಕೈಯಲ್ಲಿಟ್ಟುಕೊಂಡು ಸೆರಗಾ?" ಎಂದ ಕುಬ್ಬುರು.

ಲಿಪಿಕಾರ ಕಡ್ಡಿ ಎತ್ತಿಕೊಂಡ. "ಮುದ್ರೆಯ ಬದಲು ಸೆರಗು ಅಂತ ಬರೀತೀನಿ, ಇಬ್ಬರದೂ ಸೇರಿಸಿ. ಮೊದಲು ಯಾರ ಹೆಸರು?"

"ನನ್ನದು."

ಅವನು ಬರೆದು ಮುಗಿಸುವವರೆಗೂ ಅವಳು ಕದಲಲಿಲ್ಲ. ಆಮೇಲೆ ಹಲಗೆಯ ಮೇಲೆ ಬಾಗಿ, ಬೇರೆಯವರಿಗೆ ಕೇಳಿಸದಂತೆ ಕೇಳಿದಳು:

"ಇದರಲ್ಲಿ ನನ್ನ ಹೆಸರು ಯಾವುದು?"