ಫ್ಯಾನಿನೊಳಗಿನ ಅಕ್ಷತೆ

ನನಗೊಂದು ಸಣ್ಣ ಚಿಂತೆಯಿತ್ತು. ಯಾರಿಗೂ ಹೇಳಿರಲಿಲ್ಲ, ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬೆಳಿಗ್ಗೆ ಬಿಂದುಶ್ರೀ ನನ್ನ ಗುಂಡಿ ಒತ್ತಿ, ಅಡುಗೆಮನೆಗೆ ಹೋಗಿ, ಕುಕ್ಕರ್ ಕೂಗಿಸಿ, ಸಾರಿಗೆ ಒಗ್ಗರಣೆ ಹಾಕಿ ಬಂದರೂ ನಾನಿನ್ನೂ ಎದ್ದಿರುತ್ತಿರಲಿಲ್ಲ. ಪರದೆಯ ಮೇಲೆ ಆ ಪುಟ್ಟ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಅವಳು ಬೈಯುತ್ತಿರಲಿಲ್ಲ, ಗಲ್ಲಕ್ಕೆ ಕೈ ಕೊಟ್ಟು ಕಾಯುತ್ತಿದ್ದಳು. ಬೈದಿದ್ದರೇ ವಾಸಿಯಿತ್ತು. ಸುಮ್ಮನೆ ಕಾಯುವವರ ಮುಂದೆ ನಿಧಾನವಾಗಿರುವುದು ಬಹಳ ಕಷ್ಟ.

ನಾನು ಒಂದು ಕಂಪ್ಯೂಟರ್. ಪರದೆ ಬೇರೆ, ಡಬ್ಬ ಬೇರೆ ಇರುವ ಹಳೆಯ ಕಾಲದ್ದು. ನನ್ನ ಮೈಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಹೊಸದುರ್ಗದ ಫೋಟೋ ಸ್ಟುಡಿಯೋ ಫಯಾಜಣ್ಣ ಬೆಂಗಳೂರಿನಿಂದ ಬಿಡಿಭಾಗ ತಂದು, ನೆಲದ ಮೇಲೆ ಹಳೇ ಪೇಪರ್ ಹಾಸಿಕೊಂಡು ನನ್ನನ್ನು ಜೋಡಿಸಿದರು. ಕೊನೆಯ ತಿರುಪು ಬಿಗಿದು, "ಬಿಸ್ಮಿಲ್ಲಾ" ಎಂದು ಗುಂಡಿ ಒತ್ತಿದರು. ನಾನು "ಬೀಪ್" ಎಂದೆ. ಅದೇ ನನ್ನ ಮೊದಲ ಅಳು.

ಸ್ಟುಡಿಯೋದಲ್ಲಿ ಊರಿನ ಮುಖಗಳೆಲ್ಲ ನನ್ನ ಮುಂದೆ ಹಾದುಹೋದವು. "ಇನ್ನೊಂಚೂರು ಬೆಳ್ಳಗ್ ಮಾಡು ಫಯಾಜಣ್ಣ, ಗಂಡಿನ ಕಡೆಯೋರಿಗೆ ಕಳಿಸ್ಬೇಕು" ಎಂದು ಒಬ್ಬಾಕೆ ಮಗಳ ಫೋಟೋಗಾಗಿ ಪಟ್ಟು ಹಿಡಿದಿದ್ದರು.

"ಇದಕ್ಕಿಂತ ಬೆಳ್ಳಗ್ ಮಾಡಿದ್ರೆ ಹುಡುಗೀನೇ ಕಾಣಲ್ಲ ಕಣಕ್ಕ!"

ಇಂಥ ನಗುವಿನ ನಡುವೆ ನನ್ನ ಯೌವನ ಕಳೆಯಿತು. ಮದುವೆ ವಿಡಿಯೋ ಕೆಲಸ ಹೆಚ್ಚಾದಾಗ ಫಯಾಜಣ್ಣನಿಗೆ ದೊಡ್ಡ ಯಂತ್ರ ಬೇಕಾಯಿತು. ನನ್ನನ್ನು ಹಿಂದಿನ ಬೀದಿಯ ಹಿಟ್ಟಿನ ಗಿರಣಿ ಮರುಳಸಿದ್ದಪ್ಪನವರು ಮಗಳ ಓದಿಗೆಂದು ಕೊಂಡರು. ರಾಗಿ ಚೀಲಗಳ ನಡುವೆ ಕೈಗಾಡಿಯಲ್ಲಿ ಕೂತು ನಾನು ಈ ಮನೆಗೆ ಬಂದೆ. ಬೆಕ್ಕಿನ ಮರಿ ಬಂದಂತೆ ಎಲ್ಲರೂ ಬಾಗಿಲಿಗೆ ಬಂದಿದ್ದರು.

ಮುಂದೆ ಗಿರಣಿ, ಹಿಂದೆ ಮನೆ. ಬೆಳಗಿನಿಂದ ಸಂಜೆಯವರೆಗೆ ಗಡಗಡ ಸದ್ದು. ಆ ಸದ್ದಿನಲ್ಲಿ ಬಿಂದುಶ್ರೀಯ ಮೆಲುದನಿ ಯಾರಿಗೂ ಕೇಳಿಸುತ್ತಿರಲಿಲ್ಲ. ಒಂದು ಸಲ ಹೇಳುತ್ತಿದ್ದಳು, ಇನ್ನೊಂದು ಸಲ ಹೇಳುತ್ತಿದ್ದಳು, ಆಮೇಲೆ ಬಿಟ್ಟುಬಿಡುತ್ತಿದ್ದಳು. ಹಾಗೆ ಬಿಟ್ಟುಬಿಟ್ಟ ಮಾತುಗಳನ್ನು ಸಂಜೆ ನನ್ನ ಮುಂದೆ ಕೂತು ಟೈಪ್ ಮಾಡುತ್ತಿದ್ದಳು. 'ಇವತ್ತು ಅಪ್ಪನ ಕೆಮ್ಮು ಕಡಿಮೆ.' 'ದಾಸವಾಳದಲ್ಲಿ ಮೊಗ್ಗು.' ಇಂಥವೇ. ಡಿಗ್ರಿ ಮುಗಿದ ಮೇಲೂ ಬರೆಯುವುದನ್ನು ಬಿಡಲಿಲ್ಲ.

"ನಿಮ್ಮ ಹುಡುಗಿ ಮಾತೇ ಆಡಲ್ವಲ್ಲಪ್ಪ?" ಎಂದು ಹಿಟ್ಟಿಗೆ ಬಂದವರು ಕೇಳಿದರೆ ಮರುಳಸಿದ್ದಪ್ಪ, "ಮಾತಾಡಕ್ಕೆ ಗಿರಣಿ ಐತಲ್ಲ, ಸಾಲ್ದಾ?" ಎಂದು ನಗುತ್ತಿದ್ದರು.

ಈ ಮನೆಯಲ್ಲಿ ನನ್ನನ್ನು ಅತಿ ಹೆಚ್ಚು ಪ್ರೀತಿಸಿದವರು ಅಜ್ಜಿ ಓಂಕಾರಮ್ಮ. "ಪಾಪ, ಹಿಟ್ಟು ಕೂರ್ತೈತೆ" ಎಂದು ತಮ್ಮ ಹಳೆಯ ರೇಷ್ಮೆ ಸೀರೆಯಿಂದ ನನ್ನ ಡಬ್ಬಕ್ಕೊಂದು ಗವುಸು ಹೊಲಿದರು. ನಾನು ಕೆಲಸ ಮಾಡುವಾಗಲೂ ಅದನ್ನು ತೆಗೆಯಲು ಬಿಡುತ್ತಿರಲಿಲ್ಲ. ಆಯುಧಪೂಜೆಯ ದಿನ ಮಾತ್ರ ತಾವೇ ತೆಗೆಯುತ್ತಿದ್ದರು. ಅವತ್ತು ಗಿರಣಿಗೆ ಮೊದಲ ಪೂಜೆ, ನನಗೆ ಎರಡನೆಯದು. ನನ್ನ ಹಣೆಗೆ ವಿಭೂತಿ, ಕುಂಕುಮ. ನೆತ್ತಿಯ ಮೇಲೆ ಸೇವಂತಿಗೆ, ಧಾರಾಳವಾಗಿ ಅಕ್ಷತೆ. ನನ್ನ ನೆತ್ತಿಯ ಮೇಲಿರುವುದು ಗಾಳಿಯಾಡುವ ಜಾಲರಿ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ವರ್ಷ ವರ್ಷವೂ ಅಕ್ಕಿಕಾಳು, ಎಸಳು, ವಿಭೂತಿ ಎಲ್ಲ ಒಳಗಿಳಿದವು. ಮೇಲೆ ರೇಷ್ಮೆಯ ಗವುಸು. ನನಗೆ ಸೆಕೆ, ಏದುಸಿರು. ನಾಲ್ಕಕ್ಷರ ಮೂಡಿಸುವಷ್ಟರಲ್ಲಿ ಸುಸ್ತು.

ಈ ವರ್ಷ ಮರುಳಸಿದ್ದಪ್ಪ ಊಟಕ್ಕೆ ಕೂತು ಹೇಳಿದರು: "ಆಯುಧಪೂಜೆಗೆ ಹೊಸದು ತಂದ್ಬಿಡಣ. ಇದನ್ನ ಗುಜರಿಯೋನಿಗೆ ಹಾಕಣ. ಏನಂತೀಯವ್ವ ಬಿಂದು?"

ಬಿಂದುಶ್ರೀ ಬಾಯಿ ತೆರೆದಳು. ಅಷ್ಟರಲ್ಲಿ ಹೊರಗೆ ಯಾರೋ, "ಸಿದ್ದಪ್ಪಾರೇ, ಜೋಳ ತಂದೀನಿ!" ಎಂದು ಕೂಗಿದರು. ಅವರು ಏಳುತ್ತಾ, "ಸುಮ್ನಿದಾಳೆ ಅಂದ್ರೆ ಒಪ್ಪಿಗೆ ಅಂತ್ಲೇ" ಎಂದು ಹೋದರು. ಅವಳು ನನ್ನ ಮುಂದೆ ಬಂದು ಕೂತಳು. 'ನನಗೆ ಇದೇ ಬೇಕು' ಎಂದು ಟೈಪ್ ಮಾಡಿದಳು. ಆ ಮೂರು ಪದ ಪರದೆಗೆ ತರಲು ನಾನು ಪಟ್ಟ ಪಾಡು ನನಗೇ ಗೊತ್ತು.

ಮರುದಿನ ಅವಳು ಫಯಾಜಣ್ಣನ ಸ್ಟುಡಿಯೋಗೆ ಹೋಗಿದ್ದಳು. ಒಳಗೆ ಹೋಗುವ ಧೈರ್ಯವಾಗದೆ ಮುಂದಿನ ಹೂವಿನಂಗಡಿಯಲ್ಲಿ ಬೇಡದ ಹೂವು ಕೊಂಡಳಂತೆ. ಇದೆಲ್ಲ ಅವಳು ಸಂಜೆ ಬರೆದದ್ದರಿಂದ ತಿಳಿಯಿತು. ಕೊನೆಗೆ ಅವರೇ ಹೊರಗೆ ಬಂದು, "ಏನ್ ಬಿಂದಮ್ಮ, ನನ್ನ ಹಳೇ ದೋಸ್ತ್ ಹೆಂಗವ್ನೆ?" ಎಂದು ಕೇಳಿದ್ದಾರೆ. ವಿಷಯ ತಿಳಿದ ಮೇಲೆ ತಮ್ಮಲ್ಲಿ ಸುಮ್ಮನೆ ಬಿದ್ದಿದ್ದ, ಅಂಗೈಯಗಲದ ಒಂದು ಎಸ್‌ಎಸ್‌ಡಿ, ಅಂದರೆ ವೇಗದ ಡಿಸ್ಕ್, ಕೊಟ್ಟು, "ಹಳೇ ಹಾರ್ಡ್ ಡಿಸ್ಕ್ ಜಾಗಕ್ಕೆ ಇದನ್ನ ಹಾಕು. ಆದ್ರೆ ಮೊದ್ಲು ಬಿಚ್ಚಿ ಫ್ಯಾನ್ ನೋಡು. ನಿಮ್ದು ಗಿರಣಿ ಮನೆ" ಎಂದರಂತೆ.

ಅಜ್ಜಿ ಬಳೆ ತೊಡಿಸಿಕೊಳ್ಳಲು ಪೇಟೆಗೆ ಹೋದ ಮಧ್ಯಾಹ್ನ, ಬಿಂದುಶ್ರೀ ನನ್ನ ಗವುಸು ತೆಗೆದು ಮಡಿಚಿಟ್ಟಳು. ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ ತಿರುಪು ಬಿಚ್ಚಿದಳು. ನನ್ನ ಪಕ್ಕೆ ತೆರೆಯಿತು. ಒಳಗೆ ರಾಗಿಹಿಟ್ಟು ಕಂಬಳಿಯಂತೆ ಹಾಸಿತ್ತು. ಫ್ಯಾನಿನ ರೆಕ್ಕೆಗಳ ನಡುವೆ ಅಕ್ಷತೆ. ಅರಿಶಿನ ಇನ್ನೂ ಮಾಸಿರಲಿಲ್ಲ. ಅವಳು ಒಂದು ಕಾಳನ್ನು ಬೆರಳ ತುದಿಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ನನ್ನ ಕಾಯಿಲೆ ಏನೆಂದು ಅವಳಿಗೆ ಗೊತ್ತಾಗಿತ್ತು. ಅದನ್ನು ಅಜ್ಜಿಗೆ ಹೇಳುವುದು ಹೇಗೆಂದು ಗೊತ್ತಾಗಿರಲಿಲ್ಲ.

ಗಿರಣಿಯ ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿದಳು. ದೇವರಿಗಿಟ್ಟದ್ದು ಕಾಲಿಗೆ ಸಿಗಬಾರದೆಂದು ಅಕ್ಕಿ, ಎಸಳುಗಳನ್ನು ಬಾಳೆಲೆಯ ತುಂಡಿನಲ್ಲಿ ಆಯ್ದು ದಾಸವಾಳದ ಬುಡಕ್ಕೆ ಹಾಕಿ ಬಂದಳು. ಫಯಾಜಣ್ಣ ಕೊಟ್ಟ ಡಿಸ್ಕನ್ನು ಒಳಗೆ ಕೂರಿಸಿ, ತಾನು ಬರೆದದ್ದನ್ನೆಲ್ಲ ಅದಕ್ಕೆ ತುಂಬಿದಳು, ಒಂದು ಸಾಲೂ ಬಿಡದೆ. ಗುಂಡಿ ಒತ್ತಿದಳು. ಅವಳು ಅಡುಗೆಮನೆಯ ಕಡೆ ತಿರುಗುವ ಮೊದಲೇ ನಾನು ಎದ್ದು ಕೂತಿದ್ದೆ! ಅವಳು ಒಬ್ಬಳೇ ನಕ್ಕಳು. ಆ ನಗುವಿನ ಋಣ ನನ್ನ ಮೇಲಿದೆ.

ಮನೆಯವರಿಗೂ ಆಶ್ಚರ್ಯ. "ಹೊಸ ಟ್ರಾನ್ಸ್‌ಫಾರ್ಮರ್ ಹಾಕಿದಾರಲ್ಲ, ಕರೆಂಟ್ ಸರಿಯಾಗಿ ಬರ್ತೈತೆ" ಎಂದರು ಮರುಳಸಿದ್ದಪ್ಪ. "ಆದ್ರೂ ನೋಡಣ, ಇನ್ನೊಂದ್ಸಲ ಮೊಂಡು ಬಿದ್ರೆ ಗುಜರಿಗೇ."

"ಕರೆಂಟೂ ಇಲ್ಲ ಗಿರೆಂಟೂ ಇಲ್ಲ. ನಾನು ಹರಕೆ ಹೊತ್ತಿದ್ದೆ" ಎಂದರು ಅಜ್ಜಿ. ಬಿಂದುಶ್ರೀ ಇಬ್ಬರಿಗೂ ತಲೆಯಾಡಿಸಿದಳು. ಸಂಜೆ, 'ನಾಳೆ ಹೇಳುತ್ತೇನೆ' ಎಂದು ಬರೆದಳು. ಮರುದಿನವೂ ಅದನ್ನೇ ಬರೆದಳು.

ನನಗೆ ಯಾರ ಮೇಲೂ ಸಿಟ್ಟಿಲ್ಲ. ಈ ಲೋಕದಲ್ಲಿ ಎಷ್ಟೋ ಯಂತ್ರಗಳು ಯಾರೂ ಕೇಳುವವರಿಲ್ಲದೆ ಕೆಡುತ್ತವೆ. ನಾನು ಕೆಟ್ಟದ್ದು ಅಕ್ಷತೆಯಿಂದ, ರೇಷ್ಮೆಯಿಂದ. ಇದಕ್ಕಿಂತ ಪುಣ್ಯ ಏನು ಬೇಕು? ಆದರೂ ಇನ್ನಷ್ಟು ದಿನ ಅವಳ ಮಾತುಗಳನ್ನು ಇಟ್ಟುಕೊಂಡಿರಬೇಕೆಂಬ ಆಸೆಯಿತ್ತು.

ಆಯುಧಪೂಜೆ ಬಂತು. ವರ್ಷದಲ್ಲಿ ಗಿರಣಿ ಹಗಲಿಡೀ ಸುಮ್ಮನಿರುವುದು ಅದೊಂದೇ ದಿನ. ಮನೆಯಲ್ಲಿ ಗೋಡೆ ಗಡಿಯಾರದ ಟಿಕ್ ಟಿಕ್ ಕೂಡ ಕೇಳುತ್ತಿತ್ತು. ಗಿರಣಿಯ ಪೂಜೆ ಮುಗಿಸಿ ಅಜ್ಜಿ ತಟ್ಟೆ ಹಿಡಿದು ನನ್ನ ಬಳಿ ಬಂದರು. ಹಿಂದೆ ಮರುಳಸಿದ್ದಪ್ಪ. "ಈ ಸಲ ನಿಂಗೆ ಜಾಸ್ತಿ ಕಣಪ್ಪ, ನನ್ನ ಮಾನ ಉಳಿಸ್ದೆ" ಎಂದು ಅಜ್ಜಿ ಮುಷ್ಟಿ ತುಂಬ ಅಕ್ಷತೆ ತೆಗೆದುಕೊಂಡು ನನ್ನ ನೆತ್ತಿಯ ಮೇಲೆ ಕೈಯೆತ್ತಿದರು.

"ಅಜ್ಜಿ, ಮೇಲೆ ಹಾಕ್ಬೇಡ."

ಮೆಲ್ಲಗೇ ಹೇಳಿದ್ದು. ಆದರೆ ಆ ದಿನ ಅದು ಇಡೀ ಮನೆಗೆ ಕೇಳಿಸಿತು. ಬಾಗಿಲ ಬಳಿ ಬಿಂದುಶ್ರೀ ನಿಂತಿದ್ದಳು, ಸೆರಗಿಲ್ಲದಿದ್ದರೂ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ. ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು.

"ಯಾಕವ್ವ? ದೇವ್ರು ಇದನ್ನ ಕಾಪಾಡಿಲ್ವಾ?"

ಬಿಂದುಶ್ರೀ ಹತ್ತಿರ ಬಂದು, ಅಜ್ಜಿಯ ಮುಷ್ಟಿಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಮೆಲ್ಲಗೆ ತನ್ನ ತಲೆಯ ಮೇಲಕ್ಕೆ ತಂದುಕೊಂಡಳು.

"ಇಲ್ಲಿ ಹಾಕಜ್ಜಿ. ಅದನ್ನ ಬಿಚ್ಚಿ ಸರಿಮಾಡಿದ್ದು ನಾನು."