ಮೂರು ಸಲ ತಪ್ಪಿದರೆ

ಅಡ್ಮಿನಿಸ್ಟ್ರೇಟರ್ ಹಕ್ಕನ್ನು ಸಿಕ್ಕಸಿಕ್ಕವರಿಗೆ ಕೊಡುವುದೆಂದರೆ ಮಂಗನ ಕೈಗೆ ಮಾಣಿಕ್ಯ ಕೊಟ್ಟಂತೆ ಎಂದು ಚಂದ್ರಾವತಿ ವಕೀಲರೊಡನೆ ಜಗಳವಾಡಿಯೇ ನಿಯಮ ಮಾಡಿಸಿದ್ದಳು. ಆ ವಕೀಲರ ಸಂಸ್ಥೆಯ ಕಂಪ್ಯೂಟರುಗಳೆಲ್ಲ ಅವಳ ಸುಪರ್ದಿಯಲ್ಲಿದ್ದವು. ಗುಟ್ಟಿನ ಕಡತಗಳು ತೆರೆಯುವುದು ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಮಾತ್ರ. ಅದರ ಪಾಸ್‌ವರ್ಡಿನ ಅರ್ಧ ಕೊಚ್ಚಿ ಕಚೇರಿಯ ಗಣೇಶಪ್ರಸಾದನಿಗೆ, ಉಳಿದರ್ಧ ತಿರುವನಂತಪುರದಲ್ಲಿದ್ದ ಅವಳಿಗೆ ಗೊತ್ತು. ಮೂರು ಸಲ ತಪ್ಪಿದರೆ ಇಡೀ ದಿನ ಖಾತೆಗೆ ಬೀಗ. ಬ್ರಹ್ಮ ಬಂದರೂ ತೆರೆಯದು.

೨೦೦೬ರ ಒಂದು ಹರತಾಳದ ಮಧ್ಯಾಹ್ನ ಮನೆಯಲ್ಲಿದ್ದ ಅವಳ ಮೊಬೈಲ್ ರಿಂಗಾಯಿತು.

"ಅಕ್ಕಾ, ಕಚೇರಿಗೆ ನಾಲ್ಕು ಜನ ನುಗ್ಗಿದ್ದಾರೆ. ಹೊಡೆತ ತಡೆಯಲಾಗದೆ ನನ್ನ ಅರ್ಧ ಹೇಳಿಬಿಟ್ಟೆ. ರಾಜೀವಿಯ ಫೈಲ್ ಬೇಕಂತೆ ಇವರಿಗೆ."

ರಾಜೀವಿ ಎಂದರೆ ವಲ್ಲಾರ್ಪಾಡಂನಲ್ಲಿ ನಡೆದ ಕೊಲೆಯನ್ನು ಕಣ್ಣಾರೆ ಕಂಡ ಹೆಂಗಸು. ಅವಳು ಅಡಗಿದ್ದ ಮನೆಯ ವಿಳಾಸವಿದ್ದದ್ದು ಆ ಕಡತದಲ್ಲಿ ಮಾತ್ರ.

ಚಂದ್ರಾವತಿಯ ಗಂಡ ದಾಮೋದರ ಲ್ಯಾಂಡ್‌ಲೈನಿನಿಂದ ಕೊಚ್ಚಿಯ ಪೊಲೀಸರನ್ನು ಹಿಡಿದ. ಹರತಾಳದ ಗಲಾಟೆ, ಜೀಪು ಬರಲು ಅರ್ಧ ಗಂಟೆಯಾಗುತ್ತದೆ ಎಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಪೈಕಿ!

ಚಂದ್ರಾವತಿ ತನ್ನ ಅರ್ಧವೆಂದು ಬಾಯಿಗೆ ಬಂದ ಆರು ಅಕ್ಷರ ಹೇಳಿದಳು. ಅತ್ತ ಫೋನನ್ನು ಸ್ಪೀಕರಿಗೆ ಹಾಕಿದ್ದರು; ಕೀಲಿಗಳು ಟಕಟಕ ಅಂದವು. ಸ್ವಲ್ಪ ಹೊತ್ತಿಗೆ ಗಣೇಶಪ್ರಸಾದ ಕಿರುಚಿದ.

"ಒಂದು ಬೆರಳು ಮುರಿದೆ, ಚೇಚಿ. ಇನ್ನು ಒಂಬತ್ತಿವೆ," ಎಂದು ನುಗ್ಗಿದವರಲ್ಲೊಬ್ಬ ಅವಳನ್ನು ಮಲಯಾಳದಲ್ಲಿ ಅಕ್ಕ ಎಂದೇ ಕರೆದು ತಣ್ಣಗೆ ಹೇಳಿದ.

"ನೀವು ಒತ್ತಿದ್ದೇ ತಪ್ಪು. ಎರಡನೆಯ ಅಕ್ಷರ ಕ್ಯಾಪಿಟಲ್," ಎಂದಳು ಅವಳು.

ಅದೂ ಸುಳ್ಳೇ. ಈ ಸಲ ಕಬ್ಬಿಣದ ಸಲಾಕೆಯೊಂದು ಗಣೇಶಪ್ರಸಾದನ ಮೊಣಕಾಲಿಗೆ ಬಿತ್ತು.

"ಸರಿಯಾದದ್ದು ಹೇಳಿ ಅಕ್ಕಾ," ಗಣೇಶಪ್ರಸಾದ ಅಳುತ್ತಿದ್ದ. "ನಿಮ್ಮ ಕಾಲಿಗೆ ಬೀಳ್ತೇನೆ. ಆ ಹೆಂಗಸು ನಿಮಗೆ ಏನಾಗಬೇಕು?"

ಏನೂ ಆಗಬೇಕಿರಲಿಲ್ಲ. ಅವಳ ಮುಖವನ್ನೂ ಚಂದ್ರಾವತಿ ನೋಡಿರಲಿಲ್ಲ. ಇನ್ನೊಂದು ಸುಳ್ಳು ಹೇಳಿದರೆ ರಾಜೀವಿ ಉಳಿಯುತ್ತಾಳೆ, ಇವನು ಉಳಿಯದಿರಬಹುದು. ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಹಾಗಿದ್ದೂ ಮೂರನೆಯ ಸುಳ್ಳನ್ನು ಮಗ್ಗಿ ಹೇಳಿಕೊಡುವ ಟೀಚರಂತೆ ಬಿಡಿಸಿ ಬಿಡಿಸಿ ಹೇಳಿದಳು.

ಖಾತೆಗೆ ಬೀಗ ಬಿತ್ತು. ಅವರು ಮೊದಲು ಕಂಪ್ಯೂಟರನ್ನು ಚಚ್ಚಿದರು, ಆಮೇಲೆ ಅವನನ್ನು. ಅವಳು ಫೋನ್ ಇಡಲಿಲ್ಲ. ಅವನ ಕೂಗು ನಿಂತ ಮೇಲೂ ಏಟುಗಳು ಬೀಳುತ್ತಿದ್ದವು.

ಪೊಲೀಸರು ಬಂದಾಗ ಅವನಲ್ಲಿ ಜೀವ ಒಂದಿತ್ತು. ರಾಜೀವಿಯನ್ನು ಅಂದೇ ಬೇರೆ ಊರಿಗೆ ಸಾಗಿಸಿದರು. ಒಂಬತ್ತನೆಯ ದಿನ ಚಂದ್ರಾವತಿ ಎಡಪ್ಪಳ್ಳಿಯ ಆಸ್ಪತ್ರೆಗೆ ಹೋದಳು. ಅವನ ಬಲಗಣ್ಣು ಹೋಗಿತ್ತು. ಅವಳು ತಂದಿದ್ದ ಗಂಜಿಯನ್ನು ಅವನು ಮುಟ್ಟಲಿಲ್ಲ.

"ಮೂರನೆಯ ಸಲ ನಿಮ್ಮ ಸ್ವರ ನಡುಗ್ತದಾ ಅಂತ ಕಾದೆ ಅಕ್ಕಾ," ಎಂದ. "ನಡುಗಲಿಲ್ಲ. ಇನ್ನು ಮೇಲೆ ನೀವು ಬರುವುದು ಬೇಡ."